ಜೋಳದ ಕಣಜದ ಹಾಡುಗಾರರು

ಹಿಕರಿ ಫೋರ್ಕ್, ಐಯೋವಾ
ಹನ್ನೊಂದನೆಯ ತಿಂಗಳ ಹದಿನಾಲ್ಕು, ೨೦೦೭

ಪ್ರೀತಿಯ ಆರ್ನೋ,

ನಿನ್ನ ಕಾಗದ ಬಂದಾಗ ಹೊಲದಲ್ಲಿ ಸೋಯಾ ಇನ್ನೂ ನಿಂತಿತ್ತು. ಈಗ ಮುಸುಕಿನ ಜೋಳವೂ ಒಳಗೆ ಬಂದು ಸೇರಿದೆ. ಇಷ್ಟು ತಡವಾದದ್ದಕ್ಕೆ ಕ್ಷಮೆ ಕೇಳೋಣವೆಂದು ಕೂತರೆ ಆರ್ಫಾ ಹೆಗಲ ಮೇಲಿಂದ ಇಣುಕಿ, "ಕೈ ನಡುಗತ್ತೆ ಅಂತ ಸುಳ್ಳು ಬರೀಬೇಡಿ. ಸೋಮಾರಿತನ ಅಂತ್ಲೇ ಬರೀರಿ," ಅಂದಳು. ಎಂಬತ್ತನಾಲ್ಕಾದರೂ ನನ್ನ ಹೆಂಡತಿಯ ಕಣ್ಣು ಚುರುಕಾಗಿದೆ. ನಾಲಿಗೆಯ ವಿಷಯ ನಿನಗೆ ಗೊತ್ತೇ ಇದೆ.

ಸೊಂಟದ ಆಪರೇಷನ್ ಆದಮೇಲೆ ಊರುಗೋಲು ಬಿಟ್ಟೆಯೋ ಇಲ್ಲವೋ? ನಿನ್ನಾಕೆ ಲಿಯೋಟಾ ಹೇಳಿದ ಹಾಗೆ ಕೇಳು. ಕಾನ್ಸಸ್ಸಿನ ಮೆನೊನೈಟ್ ಪಂಥದವರೆಲ್ಲ ಹಟಮಾರಿಗಳು. ಅವರಲ್ಲಿ ನೀನು ಒಂದು ಕೈ ಹೆಚ್ಚು.

ಇಲ್ಲಿ ಎಲ್ಲರೂ ಕ್ಷೇಮ. ಜಮೀನೆಲ್ಲ ಮಗಳು ಮಾರ್ವಾಳ ಕೈಯಲ್ಲಿ. ಈ ಸಲ ಕಟಾವಿನ ಯಂತ್ರ ಹತ್ತಲು ನನ್ನನ್ನು ಬಿಡಲಿಲ್ಲ. "ಅಪ್ಪಾ, ನೀನು ಹಾಡ್ಕೊಂಡು ಹಾಡ್ಕೊಂಡು ಸಾಲು ಬಿಟ್ಟು ಬೇಲಿಗೆ ಹೋಗ್ತೀಯ," ಅಂದಳು. ಹಾಗಾದದ್ದು ಒಂದೇ ಸಲ, ಅದೂ ಬೇಲಿ ಹಳೆಯದು. ಕಾಳು ಸಾಗಿಸುವ ಗಾಡಿ ಓಡಿಸಿದೆ. ಬೆಳೆ ಚೆನ್ನಾಗಿ ಬಂತು.

ದೊಡ್ಡ ಸುದ್ದಿಯೆಂದರೆ ನಮ್ಮ ಹಾಡಿನ ತಂಡಕ್ಕೆ ಅರವತ್ತು ತುಂಬಿತು. ಕಳೆದ ತಿಂಗಳು ನಮ್ಮ ಕ್ವೇಕರರ ಸಭಾಮನೆಯಲ್ಲಿ ಇನ್ನೂರು ಜನ ಸೇರಿದ್ದರು. ಪಕ್ಕದ ಲೂಥರನ್ ಚರ್ಚಿನವರು ಹಂದಿಮಾಂಸದ ಅಡುಗೆ ಮಾಡಿ ತಂದಿದ್ದರು, ನಮ್ಮ ಹೆಂಗಸರು ಹದಿನೇಳು ಬಗೆಯ ಪೈ ಮಾಡಿದ್ದರು. ನಾನು ಒಂಬತ್ತರ ರುಚಿ ನೋಡಿದೆ. ಪತ್ರಿಕೆಯಿಂದ ಬಂದ ಒಬ್ಬ ಹುಡುಗಿ, "ಕ್ವೇಕರರು ಅಂದ್ರೆ ಸುಮ್ಮನೆ ಕೂತು ಪ್ರಾರ್ಥನೆ ಮಾಡೋರಲ್ವಾ? ನಿಮಗೆ ಹಾಡೋ ಹುಚ್ಚು ಹೇಗೆ ಹಿಡೀತು?" ಅಂತ ಕೇಳಿದಳು. "ಒಬ್ಬ ಮೆನೊನೈಟ್ ನನ್ನನ್ನ ಕೆಡಿಸಿದ," ಅಂದೆ. ಅವಳು ಅದನ್ನು ಹಾಗೆಯೇ ಬರೆದುಕೊಂಡಳು. ಪತ್ರಿಕೆಯ ಹಾಳೆ ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ. ನಿನ್ನ ಹೆಸರನ್ನು ತಪ್ಪಾಗಿ ಅಚ್ಚು ಹಾಕಿದ್ದಾರೆ.

ಆದರೆ ಸುಳ್ಳೇನಲ್ಲವಲ್ಲ. ಆಯುಧ ಹಿಡಿಯುವುದು ನಮ್ಮಿಬ್ಬರ ಪಂಥಕ್ಕೂ ಸಲ್ಲದು, ಯುದ್ಧಕ್ಕೆ ಹೋಗುವುದಿಲ್ಲ ಎಂದದ್ದಕ್ಕೆ ನಮ್ಮನ್ನು ಆರಿಗನ್ನಿನ ಕಾಡಿನ ಶಿಬಿರಕ್ಕೆ ಹಾಕಿದಾಗ ನನಗೆ ಇಪ್ಪತ್ತೆರಡು. ಅಲ್ಲಿಯವರೆಗೆ ನಾನು ಬಾಯಿ ತೆರೆದು ಹಾಡಿದವನಲ್ಲ. ಕಾಳ್ಗಿಚ್ಚು ಆರಿಸಿ ಮೈಯೆಲ್ಲ ಮಸಿಯಾಗಿ ಬಂದ ಸಂಜೆ ನೀವು ಹತ್ತು ಜನ ಊಟದ ಪಾತ್ರೆಗೆ ಕಾಯುತ್ತ ಮೇಲು ಕೆಳಗಿನ ನಾಲ್ಕು ಧ್ವನಿಗಳನ್ನು ಬೆರೆಸಿ ಹಾಡಿದಿರಿ. ನನಗೆ ಹಸಿವು ಮರೆತುಹೋಯಿತು. ನೀನು ನನ್ನ ಕಡೆ ತಿರುಗಿ, "ಏ ಮೆರಿಲ್, ಬಾಯಿ ಇರೋದು ಬರೀ ಗಂಜಿ ಕುಡಿಯೋದಕ್ಕಲ್ಲ ಕಣೋ, ಬಾ," ಅಂದೆ. ನನ್ನ ಮುಂದಿನ ಬದುಕೆಲ್ಲ ಆ ಮಾತಿನಿಂದ ಆದದ್ದು.

ಥರ್ಜಾ ಅತ್ತೆಯ ಕಥೆ ನಿನಗೆ ಪೂರ್ತಿ ಬರೆದ ನೆನಪಿಲ್ಲ. ಆ ಹುಡುಗಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ.

ನಲವತ್ತೇಳರಲ್ಲಿ ನಾನು ಊರಿಗೆ ಬಂದು, ಸಭಾಮನೆಯಲ್ಲಿ ವಾರಕ್ಕೊಂದು ಸಂಜೆ ಹಾಡು ಕಲಿಸುತ್ತೇನೆ ಅಂದೆ. ಥರ್ಜಾ ಅತ್ತೆ ಎದ್ದು ನಿಂತಳು. ನನ್ನ ಅಪ್ಪನ ಅಕ್ಕ, ಸಭೆಯ ಹಿರಿಯಳು, ಬೂದುಬಣ್ಣದ ಟೋಪಿ. "ಹಾಡು ಅಂದ್ರೆ ಯಾರೋ ಮೊದಲೇ ಕಟ್ಟಿಟ್ಟ ಮಾತು. ಈ ಮನೇಲಿ ದೇವರು ಆ ಗಳಿಗೇಲಿ ಕೊಟ್ಟ ಮಾತು ಮಾತ್ರ ಆಡೋದು. ಕೊಡದಿದ್ರೆ ಸುಮ್ಮನಿರೋದು," ಅಂದು ಕೂತಳು. ನಮ್ಮಲ್ಲಿ ಕೈಯೆತ್ತಿಸಿ ಲೆಕ್ಕ ಹಾಕುವ ಪದ್ಧತಿ ಇಲ್ಲ. ಎಲ್ಲರ ಮನಸ್ಸೂ ಒಂದಾಗುವವರೆಗೆ ಕಾಯಬೇಕು. ಕಾದೆ. ಹನ್ನೊಂದು ವರ್ಷ.

ಸುಮ್ಮನೆ ಕಾಯಲಿಲ್ಲ. ನನ್ನ ಜೋಳದ ಕಣಜದಲ್ಲಿ ಹಲಗೆ ಹಾಕಿ ಬೆಂಚು ಮಾಡಿದೆ. ಮೊದಲ ಸಂಜೆ ಬಂದವರು ಆರು ಜನ, ಪಕ್ಕದ ದೊಡ್ಡಿಯ ಹಂದಿಗಳನ್ನು ಬಿಟ್ಟು. ಹಲಗೆಗಳ ಸಂದಿನಿಂದ ಗಾಳಿ ಹೊಡೆಯುತ್ತಿತ್ತು. ಕೋಟು ತೊಟ್ಟೇ ಹಾಡುತ್ತಿದ್ದೆವು. ಕ್ವೇಕರರು, ಲೂಥರನ್ನರು, ಯಾವುದಕ್ಕೂ ಸೇರದ ಹಾಲಿನ ಡೈರಿಯ ಅಣ್ಣತಮ್ಮಂದಿರು, ಎಲ್ಲ ಬಂದರು. ಆರ್ಫಾ ಬಂದದ್ದೂ ಅಲ್ಲಿಗೇ. "ನಿಮ್ಮ ಗಂಡಸರ ದನಿ ಕೆಸರಲ್ಲಿ ಸಿಕ್ಕ ಟ್ರಾಕ್ಟರ್ ಹಾಗಿದೆ," ಅಂದಳು. ಮುಂದಿನ ವರ್ಷ ಅವಳನ್ನು ಮದುವೆಯಾದೆ. ಹಾಡು ಕಲಿತವರು ಹಾಡಿಗಷ್ಟೇ ಸೇರಲಿಲ್ಲ. ಒಬ್ಬನ ದನದ ಕೊಟ್ಟಿಗೆ ಸುಟ್ಟುಹೋದಾಗ ನಾಲ್ಕೇ ದಿನದಲ್ಲಿ ಹೊಸದು ಎಬ್ಬಿಸಿ ನಿಲ್ಲಿಸಿದೆವು.

ಐವತ್ತೆಂಟರ ಬೇಸಿಗೆಯಲ್ಲಿ ಸುಂಟರಗಾಳಿ ಬಂದು ಲೂಥರನ್ನರ ಚರ್ಚನ್ನು ಎತ್ತಿಕೊಂಡು ಹೋಯಿತು. ಅವರ ಹಳೆಯ ಮೇಷ್ಟರೊಬ್ಬರು ಅದರೊಳಗೇ ಸಿಕ್ಕಿ ತೀರಿಕೊಂಡರು. ಶವಸಂಸ್ಕಾರಕ್ಕೆ ಜಾಗವಿಲ್ಲ. ನಮ್ಮ ಸಭೆ ಕೂತಿತು. ಲೂಥರನ್ನರು ಬಂದರೆ ಹಾಡದೆ ಇರುವುದಿಲ್ಲ ಎಂದು ಎಲ್ಲರಿಗೂ ಗೊತ್ತು, ಹೇಳುವ ಧೈರ್ಯ ಯಾರಿಗೂ ಇಲ್ಲ. ಕೊನೆಗೆ ಥರ್ಜಾ ಅತ್ತೆಯೇ ಬಾಯಿ ಬಿಟ್ಟಳು. "ನಮ್ಮ ಮನೆಗೆ ದುಃಖದಲ್ಲಿ ಬಂದೋರು ಅವರಿಗೆ ತಿಳಿದ ಹಾಗೆ ಪ್ರಾರ್ಥನೆ ಮಾಡ್ಲಿ."

ಅವರು ಬಂದರು. ಶವದ ಪೆಟ್ಟಿಗೆ ಮಧ್ಯದಲ್ಲಿ. ಹಾಡಲು ಎದ್ದು ನಿಂತರು. ಅರ್ಧ ಜನ ಮೇಷ್ಟರ ಹತ್ತಿರ ಓದಿದವರು, ಒಂದು ಸಾಲಿಗೇ ಬಿಕ್ಕಿಬಿಟ್ಟರು, ಹಾಡು ಅಲ್ಲೇ ನಿಂತಿತು. ನಾನು ಕೈಕಟ್ಟಿ ಗೋಡೆಯ ಪಕ್ಕ ಕೂತಿದ್ದೆ. ಥರ್ಜಾ ಅತ್ತೆ ಎದುರು ಬೆಂಚಿನಿಂದ, ಇಡೀ ಮನೆಗೆ ಕೇಳುವ ಹಾಗೆ, "ಮೆರಿಲ್! ಹನ್ನೊಂದು ವರ್ಷ ಹಂದಿಗಳಿಗೆ ಹಾಡಿದ್ದೀಯಲ್ಲ, ಈಗ ಮನುಷ್ಯರಿಗೆ ಬೇಕಾದಾಗ ಏನಯ್ಯಾ ಬಾಯಿ ಮುಚ್ಕೊಂಡು ಕೂತಿದ್ದೀಯ?" ಅಂದಳು.

ಎದ್ದೆವು. ಕಣಜದ ಮೂವತ್ತೊಂದು ಜನ. ಆ ಹಲಗೆಗೋಡೆಗಳು ನೂರು ವರ್ಷ ಹಾಡನ್ನೇ ಕೇಳಿರಲಿಲ್ಲ, ಆರ್ನೋ. ಎಷ್ಟು ಚೆನ್ನಾಗಿ ತುಂಬಿಕೊಂಡವು ಅಂತೀಯ! ಮುಗಿದ ಮೇಲೆ ಅತ್ತೆ ನನ್ನ ಕೈ ಹಿಡಿದು, "ನನಗೆ ಇದು ಇನ್ನೂ ಸರಿ ಅನ್ನಿಸ್ತಿಲ್ಲ. ಆದ್ರೆ ದೇವರಿಗೆ ಅನ್ನಿಸಿದ ಹಾಗಿದೆ," ಅಂದಳು. ಮುಂದಿನ ವಾರದಿಂದ ಅಭ್ಯಾಸ ಸಭಾಮನೆಯಲ್ಲೇ. ಸಾಯುವವರೆಗೂ ಅವಳು ಬಂದು ಹಿಂದಿನ ಬೆಂಚಿನಲ್ಲಿ ಹೆಣಿಗೆ ಹಾಕುತ್ತ ಕೂರುತ್ತಿದ್ದಳು. ಒಮ್ಮೆಯೂ ಹಾಡಲಿಲ್ಲ. ಆದರೆ ಯಾರಾದರೂ ತಡವಾಗಿ ಬಂದರೆ ಬೈಯುತ್ತಿದ್ದಳು.

ಅರವತ್ತು ವರ್ಷದಲ್ಲಿ ಈ ಸುತ್ತಿನ ಎಲ್ಲ ಮದುವೆಗೂ ಎಲ್ಲ ಸಾವಿಗೂ ನಾವು ಹಾಡಿದ್ದೇವೆ. ಬದುಕು ಹೇಗಿತ್ತು ಅಂತ ಹುಡುಗಿ ಕೇಳಿದಾಗ, ಮತ್ತೆ ಕೊಟ್ಟರೂ ಇದೇ ಹೊಲ, ಇದೇ ಹೆಂಡತಿ, ಇದೇ ಬೆಂಚು ಸಾಕು ಅಂದೆ. ಹೃದಯದಿಂದ ಹೇಳಿದ ಮಾತು.

ವಸಂತಕ್ಕೆ ನೀವಿಬ್ಬರೂ ಬನ್ನಿ. ಕೆಳಗಿನ ಕೋಣೆ ಖಾಲಿ ಇದೆ, ಮೆಟ್ಟಿಲು ಹತ್ತಬೇಕಿಲ್ಲ. ದೇವರ ಬೆಳಕು ನಿನ್ನ ಸೊಂಟದ ಮೇಲೂ ಲಿಯೋಟಾಳ ತಾಳ್ಮೆಯ ಮೇಲೂ ಇರಲಿ. ನಿಮ್ಮಿಬ್ಬರನ್ನೂ ದಿನಾ ಆ ಬೆಳಕಿನಲ್ಲಿ ನೆನೆಯುತ್ತೇನೆ.

ನಿನ್ನ ಗೆಳೆಯ,
ಮೆರಿಲ್ ಹಾವರ್ತ್

ಮತ್ತೊಂದು ವಿಷಯ: ಲಕೋಟೆಗೆ ಹಾಕಿದ ಕಾಗದವನ್ನು ಮತ್ತೆ ತೆಗೆದಿದ್ದೇನೆ. ಆರ್ಫಾ ಕೋಳಿಗಳಿಗೆ ಕಾಳು ಹಾಕಲು ಹೋಗಿದ್ದಾಳೆ.

ಇಷ್ಟುದ್ದ ಬರೆದೆ, ಡ್ವೈಟನ ಹೆಸರು ಬರೆಯಲಿಲ್ಲ. ನೀನು ಗಮನಿಸಿಯೇ ಇರುತ್ತೀಯ. ನಮ್ಮ ಮಗ ವಿಯೆಟ್ನಾಮಿನಲ್ಲಿ ತೀರಿಕೊಂಡದ್ದು ನಿನಗೆ ಗೊತ್ತು. ಅವನು ಹೊರಟ ದಿನದ ಸಂಗತಿ ಗೊತ್ತಿಲ್ಲ. ಇಲ್ಲಿ ಕಂಡವರಿದ್ದಾರೆ, ನಾನಾಗಿ ಬಾಯಿಬಿಟ್ಟು ಯಾರಿಗೂ ಹೇಳಿಲ್ಲ.

ಅರವತ್ತೆಂಟರಲ್ಲಿ, ಹತ್ತೊಂಬತ್ತನೆಯ ವಯಸ್ಸಿಗೆ, ನನ್ನ ಮಾತು ಮೀರಿ ಸೈನ್ಯಕ್ಕೆ ಸೇರಿದ. ಬಸ್ಸಿನ ಹತ್ತಿರ ಇಡೀ ತಂಡ ಬಂದಿತ್ತು, ಅವನು ನಮ್ಮ ಅತಿ ಒಳ್ಳೆಯ ಮಂದ್ರಧ್ವನಿ. ಮೆಟ್ಟಿಲ ಮೇಲೆ ನಿಂತು, "ಅಪ್ಪಾ, ಒಂದು ಹಾಡು ಹಾಡಿ ಕಳಿಸು," ಅಂದ. ನಮ್ಮಲ್ಲಿ ವಾದ್ಯವಿಲ್ಲ, ಮೊದಲ ಸ್ವರ ನಾನು ಎತ್ತಿದರೇ ಉಳಿದವರು ಶುರು ಮಾಡುವುದು. ನಲವತ್ತು ಜನ ನನ್ನ ಮುಖ ನೋಡಿದರು. ಆರ್ಫಾ ನನ್ನ ತೋಳು ಅದುಮಿದಳು. ನಾನು ಸ್ವರ ಎತ್ತಲಿಲ್ಲ. ಡ್ರೈವರ್ ಕೂಡ ಸ್ವಲ್ಪ ಹೊತ್ತು ಕಾದ, ಆಮೇಲೆ ಬಾಗಿಲು ಹಾಕಿದ.

ತತ್ವಕ್ಕಾಗಿ ಸುಮ್ಮನಿದ್ದೆ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ತತ್ವವಲ್ಲ, ಆರ್ನೋ. ಸಿಟ್ಟು.

ಏಳು ತಿಂಗಳಿಗೆ ಅವನನ್ನು ಪೆಟ್ಟಿಗೆಯಲ್ಲಿ ತಂದರು. ಅವತ್ತು ಮತ್ತೆ ಅದೇ ನಲವತ್ತು ಜನ ನನ್ನ ಮುಖ ನೋಡಿದರು. ಅವತ್ತು ಸ್ವರ ಎತ್ತಿದೆ. ಎಲ್ಲೂ ತಪ್ಪಲಿಲ್ಲ.