ಬಣ್ಣ ಹಚ್ಚದ ಟ್ಯಾಂಕು

ಖಾಲಿದಿಯಾ, ಅಬುಧಾಬಿ
8 ನವೆಂಬರ್ 2025, ಶನಿವಾರ

ಪ್ರೀತಿಯ ಸುಪ್ರೀತಾ,

ನಾನಿಲ್ಲಿ ಆರಾಮ. ನೀನು, ಶ್ರವಣ್, ಅತ್ತೆ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ದಿನಾ ವಿಡಿಯೋ ಕಾಲಿನಲ್ಲಿ ಮುಖ ನೋಡುವವನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನಗಬೇಡ. ವಾಟ್ಸಾಪ್‌ನಲ್ಲಿ ಬರೆದು ಬರೆದು ಅಳಿಸಿ ಸಾಕಾಯಿತು. ಕಾಗದವನ್ನು ಒಮ್ಮೆ ನೂರುದ್ದೀನ್ ಭಾಯಿಯ ಕೈಗೆ ಕೊಟ್ಟರೆ ಮುಗಿಯಿತು, ವಾಪಸು ಕೇಳುವ ಹಾಗಿಲ್ಲ. ಅವರು ಸೋಮವಾರ ಮಂಗಳೂರಿನಲ್ಲಿ ಇಳಿದು, ಭಟ್ಕಳಕ್ಕೆ ಹೋಗುವ ದಾರಿಯಲ್ಲಿ ಕಾಪುವಿನಲ್ಲಿ ನಿಮ್ಮ ಮನೆಗೆ ಬರುತ್ತಾರೆ. ಇದನ್ನು ಆರು ತಿಂಗಳ ಹಿಂದೆಯೇ ಬರೆಯಬೇಕಿತ್ತು. ತಡವಾಯಿತು, ಕ್ಷಮಿಸು.

ಅವರು ತರುವ ಡಬ್ಬದಲ್ಲಿ ಖರ್ಜೂರ ಇದೆ, ಅತ್ತೆಯ ಮೊಣಕಾಲಿಗೆ ಮುಲಾಮು ಇದೆ, ನೀನು ಮರೆತು ಹೋದ ಕನ್ನಡಕ ಇದೆ. ಅಡಿಯಲ್ಲಿ ಹತ್ತಿ ಸುತ್ತಿ ಇಟ್ಟಿರುವುದು ಶ್ರವಣ್‌ಗೆ, ಟಿ-10ಎ ಯುದ್ಧಟ್ಯಾಂಕಿನ ಪುಟ್ಟ ಮಾದರಿ. ಅದಕ್ಕೆ ಬಣ್ಣ ಹಚ್ಚಿಲ್ಲ. ಕೇಳಿದರೆ ಪಪ್ಪನಿಗೆ ಪುರುಸೊತ್ತು ಆಗಲಿಲ್ಲ ಎಂದು ಹೇಳು.

ಇಲ್ಲಿ ನಮ್ಮ ಊಟದ ಮೇಜಿನ ಮೇಲೆ ಈಗ ಊಟ ನಡೆಯುವುದಿಲ್ಲ. ನೀನು 'ಕಬ್ಬಿಣದ ಆಮೆಗಳು' ಎಂದು ಬೈಯುತ್ತಿದ್ದ ಸೋವಿಯತ್ ಟ್ಯಾಂಕುಗಳು ಅದನ್ನು ಪೂರ್ತಿ ಹಿಡಿದುಕೊಂಡಿವೆ. ಆಫೀಸಿನಿಂದ ಬಂದು ಎರಡು ಚಪಾತಿ ನಿಂತುಕೊಂಡೇ ತಿಂದು ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸುತ್ತಾ ಕೂರುತ್ತೇನೆ. ಯುದ್ಧದಲ್ಲಿ ಗೆದ್ದವುಗಳ ಮೇಲೆ ನನಗೆ ಆಸೆ ಕಡಿಮೆ ಎನ್ನುವುದು ನಿನಗೆ ಗೊತ್ತು. ಮಾದರಿಗೆಂದು ಒಂದೋ ಎರಡೋ ತಯಾರಾಗಿ, ಬೇಡವೆಂದು ಬಿಟ್ಟುಬಿಟ್ಟವೇ ನನ್ನ ಪ್ರೀತಿಯವು. ನಾಲ್ಕು ಸರಪಳಿ ಪಟ್ಟಿಗಳ ಮೇಲೆ ಓಡುವ ಆಬ್ಜೆಕ್ಟ್ 279 ಮುಗಿಯಿತು. ಮಗುಚಿಟ್ಟ ಹರಿವಾಣದ ಹಾಗೆ ಕಾಣುತ್ತದೆ. ಎರಡು ಗೋಪುರಗಳ ಎಸ್‌ಎಂಕೆ ಕೂಡ ಮುಗಿಯಿತು. ಫಿನ್ಲೆಂಡಿನ ಹಿಮದಲ್ಲಿ ಅದನ್ನು ಪರೀಕ್ಷಿಸಲು ಕೊಂಡುಹೋದಾಗ ನೆಲಬಾಂಬಿನ ಮೇಲೆ ಹತ್ತಿ ನಿಂತುಬಿಟ್ಟಿತಂತೆ. ಆ ಕಥೆ ಕೇಳಿದ ದಿನ ಶ್ರವಣ್ ಹೆದರಿ, "ಪಪ್ಪಾ, ಒಳಗಿದ್ದವರು?" ಎಂದಿದ್ದ. ಪರೀಕ್ಷೆಗೆಂದೇ ಬಂದಿದ್ದ ಇನ್ನೊಂದು ಟ್ಯಾಂಕು ಪಕ್ಕಕ್ಕೆ ಬಂದು ಅವರನ್ನು ತನ್ನೊಳಗೆ ಹತ್ತಿಸಿಕೊಂಡಿತು ಎಂದ ಮೇಲೆಯೇ ಅವನು ಹಾಲು ಕುಡಿದದ್ದು.

ಟಿ-10ಎ ಅವನಿಗೆ ಎಲ್ಲಕ್ಕಿಂತ ಇಷ್ಟ. ಅದಕ್ಕೂ ಹಿಂದಿನ ಟಿ-10ಕ್ಕೂ ಅಕ್ಕತಂಗಿಯರ ಹೋಲಿಕೆ, ಆದರೆ ಹೊಸದರ ಫಿರಂಗಿಯ ತುದಿಯ ಹತ್ತಿರ ಒಂದು ಉಬ್ಬು ಇದೆ. ಗುಂಡು ಹಾರಿದ ಮೇಲೆ ಹೊಗೆ ಒಳಗೆ ಕೂತವರ ಕಡೆಗೆ ಬಾರದಂತೆ ಅದು ಹೊರಗೆಳೆಯುತ್ತದೆ. "ಪಪ್ಪಾ, ನೋ ಬಂಪ್! ದಿಸ್ ಈಸ್ ಓಲ್ಡ್ ಒನ್" ಎಂದು ಅವನೇ ಒಮ್ಮೆ ನನ್ನ ತಪ್ಪು ಹಿಡಿದಿದ್ದ. ನಾನು ಹಳೆಯದರ ಫಿರಂಗಿಯನ್ನು ಹೊಸದಕ್ಕೆ ಅಂಟಿಸಿದ್ದೆ.

ಮೊನ್ನೆ ಹಮ್ದಾನ್ ಸ್ಟ್ರೀಟಿನಲ್ಲಿ ನೂರುದ್ದೀನ್ ಭಾಯಿಯ ಆಟಿಕೆ ಅಂಗಡಿಗೆ ಹೋಗಿದ್ದೆ. "ಎಂತ ಸುಮಿತ್, ಆರು ತಿಂಗಳಲ್ಲಿ ಒಂಬತ್ತು ಟ್ಯಾಂಕ್ ತಕೊಂಡು ಹೋದ್ರಿ, ಒಂದು ಬಾಟ್ಲಿ ಪೇಂಟ್ ತಕೊಳ್ಳಲಿಲ್ಲ. ನನ್ನ ಪೇಂಟೆಲ್ಲ ಒಣಗಿಹೋಗ್ತಾ ಉಂಟು ಮಾರಾಯ್ರೆ" ಎಂದರು. ನಾನು ನಕ್ಕು ಬೇರೆ ಮಾತು ತೆಗೆದೆ. ಅವರ ಹೆಂಡತಿ ಶಾಕಿರಾ ನಿನ್ನನ್ನು ತುಂಬ ಕೇಳಿದರು.

ಈಗ ವಿಷಯಕ್ಕೆ ಬರುತ್ತೇನೆ. ನೀವಿಬ್ಬರೂ ಹೋದದ್ದು ಮೇ ಇಪ್ಪತ್ತೆಂಟಕ್ಕೆ. ಈ ತಿಂಗಳ ಇಪ್ಪತ್ತೆಂಟರೊಳಗೆ ಇಲ್ಲಿ ಇಳಿಯದಿದ್ದರೆ ನಿಮ್ಮ ವೀಸಾ ಹೋಗುತ್ತದೆ. ಕಳೆದ ವಾರ ಕೇಳಿದಾಗ ನೀನು ಹೇಳಿದ್ದು ಕಿವಿಯಿಂದ ಹೋಗುತ್ತಿಲ್ಲ. "ನನ್ನ ಒಂದು ಧೂಪದಿಂದ ಮಗುವಿನ ಜೀವ ಹೋಗ್ತಿತ್ತು. ಆ ಮನೆಗೆ ಕಾಲಿಡ್ಲಿಕ್ಕೆ ನನಗೆ ಧೈರ್ಯ ಇಲ್ಲ. ಕ್ಯಾನ್ಸಲ್ ಮಾಡಿಸಿ, ಖಲಾಸ್" ಎಂದೆ. ನೀನೀಗ ದೇವಸ್ಥಾನದಲ್ಲೂ ಧೂಪಾರತಿಯ ಹೊತ್ತಿಗೆ ಹೊರಗೆ ಬಂದು ನಿಲ್ಲುತ್ತೀಯಂತೆ, ಅತ್ತೆ ಹೇಳಿದರು. ನೀನು ಶಾಲೆಯ ಕೆಲಸ ಬಿಟ್ಟೆ, ಮನೆ ಬಿಟ್ಟೆ, ಈಗ ದೇವರ ಮುಂದೆಯೂ ನಿಲ್ಲುವುದಿಲ್ಲ. ಅದನ್ನು ಕೇಳಿದ ದಿನ ನಾನು ಈ ಕಾಗದವನ್ನು ನಾಲ್ಕು ಬಾರಿ ಶುರು ಮಾಡಿ ಹರಿದೆ.

ನೀವು ಬರಬೇಕೆಂದು ನನಗೆ ಎಷ್ಟು ಆಸೆ ಇದೆ ಎಂದು ಬರೆಯಲು ಬರುವುದಿಲ್ಲ. ವೀಸಾ ರದ್ದು ಮಾಡಿಸುವ ಫಾರಂಗೆ ಇನ್ನೂ ಸಹಿ ಹಾಕಿಲ್ಲ. ಅದು ನಾನೊಬ್ಬನೇ ತೀರ್ಮಾನಿಸುವ ವಿಷಯವಲ್ಲ.

ಶ್ರವಣ್‌ನ ಉಸಿರು ಹೀಗೆಯೇ ಸಲೀಸಾಗಿ ನಡೆಯಲಿ. ಅವನ ತಲೆ ಸವರಿ ಪಪ್ಪ ಸವರಿದ್ದೆಂದು ಹೇಳು. ಅತ್ತೆಗೆ ನಮಸ್ಕಾರ. ನಿನ್ನ ಮನಸ್ಸಿಗೆ ನೆಮ್ಮದಿ ಸಿಗಲಿ, ನನ್ನಿಂದ ಹೋದದ್ದು ನನ್ನಿಂದಲೇ ಸಿಗಬೇಕು.

ನಿನ್ನ,
ಸುಮಿತ್

ಮರೆತ ಮಾತು: ಸುಳ್ಳು, ಮರೆತದ್ದಲ್ಲ. ಮೇಲೆ ಬರೆಯಲು ಕೈ ಬರಲಿಲ್ಲ.

ಏಪ್ರಿಲ್‌ನ ಆ ಶನಿವಾರ ನೀನು ಶಾಲೆಯ ಮೀಟಿಂಗಿಗೆ ಹೋಗಿದ್ದೆ. ಹೊರಗೆ ಧೂಳಿನ ಗಾಳಿ ಏಳುತ್ತಿತ್ತು. ಸ್ಪ್ರೇ ಗನ್ ಮನೆಯೊಳಗೆ ಬೇಡ, ಬಾಲ್ಕನಿಯಲ್ಲೇ ಇರಲಿ ಎಂದು ನೀನು ಎಷ್ಟೋ ಬಾರಿ ಹೇಳಿದ್ದೆ. ನಾನು ಬೆಡ್‌ರೂಮಿನ ಕಿಟಕಿ ಮುಚ್ಚಿ, ಎಸಿ ನಿಲ್ಲಿಸಿ, ಒಳಗೇ ಟಿ-10ಎಗೆ ಹಸಿರು ಬಣ್ಣ ಹೊಡೆದೆ. ಹಸಿ ಬಣ್ಣದ ಮೇಲೆ ಒಂದು ಕಣ ಧೂಳು ಕೂತರೂ ಟ್ಯಾಂಕು ಹಾಳಲ್ಲವೇ? ಶ್ರವಣ್ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತಿದ್ದ. "ಪಪ್ಪಾ, ಕಿಟಕಿ ತೆಗಿ, ಸ್ಮೆಲ್ ಆಗ್ತದೆ" ಎಂದ. "ಎರಡು ನಿಮಿಷ ಮಗಾ" ಎಂದೆ. ಎರಡು ನಿಮಿಷ ಒಂದು ಗಂಟೆಯಾಯಿತು. ಹೊಗೆ ಹೊರಗೆಳೆಯುವ ಆ ಉಬ್ಬಿಗೆ ಬಣ್ಣ ಹಚ್ಚುತ್ತಿದ್ದಾಗಲೇ ಅವನು ಕೆಮ್ಮತೊಡಗಿದ. ನೀನು ಬರುವ ಮೊದಲೇ ಸುಪ್ರೀತಾ, ನೀನು ಬರುವ ಮೊದಲೇ. ನೀನು ಬರುವಷ್ಟರಲ್ಲಿ ಕಿಟಕಿ ತೆಗೆದು ವಾಸನೆ ಓಡಿಸಿದ್ದೆ. ಉಳಿದದ್ದನ್ನು ನೀನು ಹಚ್ಚಿದ ಧೂಪ ಮುಚ್ಚಿತು.

ಆ ರಾತ್ರಿ ಅವನಿಗೆ ಉಸಿರು ಕಟ್ಟಿ ಆಸ್ಪತ್ರೆಗೆ ಒಯ್ದಾಗ ಡಾಕ್ಟರ್ ಕೇಳಿದರಲ್ಲ, ಮನೆಯಲ್ಲಿ ಹೊಗೆ, ಪೇಂಟು ಏನಾದರೂ ಇತ್ತೇ ಎಂದು. ನಾನು ಬಾಯಿ ತೆರೆಯಲಿಲ್ಲ. ನೀನು ಅಳುತ್ತಾ "ನಾನು ಧೂಪ ಹಾಕಿದೆ" ಎಂದೆ. ಅವರು ಬರೆದುಕೊಂಡರು. ನನ್ನ ಉಗುರಿನ ಸಂದಿಯಲ್ಲಿ ಹಸಿರು ಬಣ್ಣ ಇತ್ತು. ಕೈಯನ್ನು ಜೇಬಿನೊಳಗೆ ಇಟ್ಟುಕೊಂಡೆ. ಆ ಟ್ಯಾಂಕನ್ನು ಮರುದಿನವೇ ಕಸಕ್ಕೆ ಹಾಕಿದೆ. ಈಗ ಡಬ್ಬದಲ್ಲಿ ಕಳಿಸಿದ್ದು ಬೇರೆಯದು.

ಮೊನ್ನೆ ನೀನು ಅಡುಗೆಮನೆಗೆ ಹೋದಾಗ ಶ್ರವಣ್ ಫೋನನ್ನು ಬಾಯಿಯ ಹತ್ತಿರ ತಂದು ಪಿಸುಗುಟ್ಟಿದ: "ಪಪ್ಪಾ, ಡೋಂಟ್ ವರಿ. ಪೇಂಟ್ ವಿಷಯ ನಾನು ಅಮ್ಮನಿಗೆ ಹೇಳ್ಲಿಲ್ಲ."

ಎಂಟು ವರ್ಷದ ಮಗು ಏಳು ತಿಂಗಳಿಂದ ಈ ಗುಟ್ಟು ಬಚ್ಚಿಟ್ಟು ನನ್ನನ್ನು ಕಾಯುತ್ತಿದೆ. ಇನ್ನು ಕಾಯಬೇಕಾಗಿಲ್ಲ, ಅಮ್ಮನಿಗೆ ಗೊತ್ತಾಯಿತು ಎಂದು ಮೊದಲು ಅವನಿಗೆ ಹೇಳು. ವೀಸಾದ ಮಾತು ಆಮೇಲೆ.