ಬಂದಿದ್ದಳು, ಬಂದಿದ್ದಾಳೆ

ಮಾರ್ಚ್ ೧೨, ಗುರುವಾರ

ನನ್ನ ಮುದ್ದು ತಂಗಿಗೆ,

ನಾವೆಲ್ಲ ಚೆನ್ನಾಗಿದ್ದೇವೆ. ಈ ಮಾತನ್ನು ಈ ಸಲ ರೂಢಿಗೆ ಬರೆಯುತ್ತಿಲ್ಲ, ನಿಜವಾಗಿ ಚೆನ್ನಾಗಿದ್ದೇವೆ. ಹೋದ ವಾರ ಇರಲಿಲ್ಲ. ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲವೆಂದು ಮೂತಿ ಊದಿಸಿಕೊಂಡಿರುತ್ತೀಯ. ಪೂರ್ತಿ ಓದು, ಆಮೇಲೆ ಬೈ.

ನಾನು ರಷ್ಯನ್ ಕಲಿಯುತ್ತಿದ್ದೇನೆಂದಾಗ ನೀನು ನಕ್ಕಿದ್ದೆಯಲ್ಲ. ಬೀಗಿತ್ತಿಗೆ ರಷ್ಯನ್ ಬಿಟ್ಟು ಬೇರೆ ಭಾಷೆ ಬಾರದು. ಮದುವೆಯಲ್ಲಿ ನಾವಿಬ್ಬರೂ ಮೂಕರಂತೆ ಕೈಕೈ ಹಿಡಿದು ಕುಳಿತಿದ್ದನ್ನು ನೀನೇ ನೋಡಿದ್ದೀಯ. ಅದಕ್ಕೇ ಸೇರಿದೆ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಮುಗಿಸಿ, ಸಂಜೆ ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ಪಾಠ. ಅಕ್ಷರ ಬಂತು, ಎಣಿಕೆ ಬಂತು. ಹೋಗುವ ಬರುವ ಕ್ರಿಯಾಪದಗಳ ಹತ್ತಿರ ಗಾಡಿ ಹೂತುಹೋಯಿತು. ನಡೆದು ಹೋದರೆ ಒಂದು ಪದ, ಬಸ್ಸು ಹತ್ತಿದರೆ ಇನ್ನೊಂದು. ಒಂದೇ ದಿಕ್ಕಿಗೆ ಹೊರಟರೆ ಒಂದು, ಹೋಗಿ ಬಂದು ಮಾಡಿದರೆ ಮತ್ತೊಂದು. ನಿನ್ನ ಭಾವ ಲಿಫ್ಟ್ ರಿಪೇರಿಯವರು, ಮೇಲೆ ಕೆಳಗೆ ಬಿಟ್ಟರೆ ಅವರಿಗೆ ಮೂರನೆಯ ದಿಕ್ಕಿಲ್ಲ. "ಹೋದ ಅಂದ್ರೆ ಹೋದ, ಮುಗೀತು. ಹೇಗೆ ಹೋದ ಅಂತ ಅವರಿಗ್ಯಾಕೆ?" ಎಂದು ರೇಗಿಸುತ್ತಿದ್ದರು.

ಹೋದ ವಾರದ ಸೋಮವಾರ ಮಧ್ಯಾಹ್ನ ಅಳಿಯ ರಷ್ಯಾದ ಯಾವುದೋ ಸ್ಟೇಷನ್ನಿನಿಂದ ಫೋನ್ ಮಾಡಿದ. ಅವನಿಗೆ ನಮ್ಮ ಭಾಷೆ ಅರೆಬರೆ ಬರುತ್ತದೆ. ಹೆಂಡತಿಯನ್ನು ಕೇಳದೆ ದೂರದ ಊರಿಗೆ ವರ್ಗ ಒಪ್ಪಿಕೊಂಡನಂತೆ, ದೊಡ್ಡ ಜಗಳವಾಯಿತಂತೆ. ಇವನು ಕೆಲಸದ ಮೇಲೆ ರೈಲು ಹತ್ತಿದ ಮೇಲೆ ಅವಳು ಫೋನ್ ಆರಿಸಿ, ಮನೆಗೆ ಬೀಗ ಹಾಕಿ ಹೊರಟುಹೋಗಿದ್ದಾಳೆ. "ನಮ್ಮಮ್ಮ ನನ್ನ ಫೋನ್ ಎತ್ತೋದಿಲ್ಲ ಅತ್ತೆ, ಸಿಟ್ಟು. ನೀವು ಕೇಳ್ತೀರಾ?" ಎನ್ನುವಷ್ಟರಲ್ಲಿ ಲೈನ್ ಕಡಿಯಿತು.

ಧೈರ್ಯ ಮಾಡಿ ಬೀಗಿತ್ತಿಗೆ ಫೋನ್ ಮಾಡಿ ಮಗಳ ಹೆಸರು ಹೇಳಿದೆ. ಅವರು "ಪ್ರಿಹದೀಲಾ, ಪ್ರಿಹದೀಲಾ" ಎಂದರು. ಬಂದಳು! ಅಷ್ಟು ಗೊತ್ತಾಯಿತು. ಆಮೇಲೆ ಅವರು ಏನೇನೋ ಹೇಳಿದರು, ನಾನು ಹೂಂಗುಟ್ಟಿದೆ. "ಅತ್ತೆ ಮನೇಲಿದ್ದಾಳೆ ಕಣ್ರೀ" ಎಂದು ನಿನ್ನ ಭಾವನಿಗೆ ಹೇಳಿದೆ. ಇಬ್ಬರೂ ನೆಮ್ಮದಿಯಾಗಿ ಚಹಾ ಕುಡಿದೆವು.

ಮರುದಿನ ಸಂಜೆ ಟೀಚರ್ ಅದೇ ಪದವನ್ನು ಬೋರ್ಡಿನ ಮೇಲೆ ಬರೆದರು. ಪಕ್ಕದಲ್ಲಿ ಇನ್ನೊಂದು, ಪ್ರಿಶ್ಲಾ. "ಎರಡೂ ಬಂದಳು ಅಂತಲೇ ಅಲ್ವಾ ಮೇಡಂ?" ಎಂದೆ. ಅವರು ಬಾಗಿಲಿಂದಾಚೆ ಹೋಗಿ, ಒಳಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಇದು ಪ್ರಿಶ್ಲಾ. ಬಂದಿದ್ದಾಳೆ, ಇಲ್ಲೇ ಇದ್ದಾಳೆ." ಮತ್ತೆ ಬಂದು, ತಿರುಗಿ ಹೊರಗೆ ಹೋಗಿ ಅಲ್ಲಿಂದಲೇ ಕೂಗಿದರು: "ಇದು ಪ್ರಿಹದೀಲಾ. ಬಂದಿದ್ದಳು, ಈಗಿಲ್ಲ!"

ಎಲ್ಲರೂ ನಕ್ಕರು. ಇಷ್ಟು ದಿನ ತಲೆಗೆ ಹತ್ತದ್ದು ಒಂದೇ ಏಟಿಗೆ ಹತ್ತಿತು ತಂಗಿ. "ನನ್ನ ಮಗಳು ಅಲ್ಲಿಲ್ಲ" ಎಂದು ಎದ್ದು ನಿಂತುಬಿಟ್ಟೆ.

ಮೆಟ್ಟಿಲ ಹತ್ತಿರ ನಿಂತು ಬೀಗಿತ್ತಿಗೆ ಫೋನ್ ಮಾಡಿದೆ. ಮನೆ, ಈಗ, ಮಗಳು ಎಂದು ಗೊತ್ತಿದ್ದ ಪದಗಳನ್ನೆಲ್ಲ ಸುರಿದೆ. "ನ್ಯೆತ್", ಇಲ್ಲ, ಎಂದವರೇ ಅಳತೊಡಗಿದರು. ಟೀಚರ್ ನನ್ನ ಕೈಯಿಂದ ಫೋನ್ ತೆಗೆದುಕೊಂಡು ಮಾತಾಡಿದರು.

"ಭಾನುವಾರ ಸಂಜೆ ಬಂದಿದ್ದಳಂತೆ. ರಾತ್ರಿ ಉಳಿದು, ಬೆಳಿಗ್ಗೆ ಎದ್ದು ಹೋದಳಂತೆ. ನೀವು ಅಷ್ಟು ನೆಮ್ಮದಿಯಿಂದ ಹೂಂ ಹೂಂ ಅಂದ್ರಲ್ಲ, ನಿಮ್ಮ ಹತ್ರ ಬರ್ತಿದ್ದಾಳೆ ಅಂದ್ಕೊಂಡ್ರಂತೆ."

ನಾನು ಅವರನ್ನು ನಂಬಿ ಕೂತಿದ್ದೆ, ಅವರು ನನ್ನನ್ನು ನಂಬಿ ಕೂತಿದ್ದರು. ಆ ರಾತ್ರಿ ಹೇಗೆ ಕಳೆಯಿತೆಂದು ಬರೆಯುವುದಿಲ್ಲ. ಬೀಗಿತ್ತಿ, ಮೊಣಕಾಲು ನೋವಿನವರು, ಮಗಳ ಸ್ನೇಹಿತೆಯರ ಮನೆಗಳ ಮೆಟ್ಟಿಲು ಹತ್ತಿ ಇಳಿದರಂತೆ.

ಬುಧವಾರ ಬೆಳಿಗ್ಗೆ ಅಂಗಡಿಯಲ್ಲಿ ಗಾಜು ಹಿಡಿದು ಕುಳಿತಿದ್ದೆ. ಫೋನ್ ಎತ್ತಿದರೆ ಬೀಗಿತ್ತಿಯ ಕೂಗು: "ಪ್ರಿಶ್ಲಾ! ಪ್ರಿಶ್ಲಾ!" ಬಂದಿದ್ದಾಳೆ! ಯಾರೂ ಅರ್ಥ ಹೇಳಬೇಕಾಗಲಿಲ್ಲ. ಕಣ್ಣು ಪರೀಕ್ಷೆಗೆ ಬಂದಿದ್ದ ಮುದುಕರೊಬ್ಬರ ಕೈ ಹಿಡಿದು ನಕ್ಕುಬಿಟ್ಟೆ, ಪಾಪ, ಅವರೂ ನಕ್ಕರು. ಮಗಳು ಹಳೆಯ ಸಹಪಾಠಿಯ ಹಾಸ್ಟೆಲ್ ಕೋಣೆಯಲ್ಲಿದ್ದಳಂತೆ. "ತಲೆ ತಣ್ಣಗಾಗ್ಲಿ ಅಂತ ಹೋಗಿದ್ದೆ, ಅಮ್ಮ" ಎಂದಳು. ಅಳಿಯ ವಾಪಸ್ಸು ಬಂದು ಆಫೀಸಿನಲ್ಲಿ ಸಮಯ ಕೇಳಿದ್ದಾನೆ. ಇಬ್ಬರೂ ಕೂತು ಯೋಚಿಸುತ್ತಾರಂತೆ. ನಿನ್ನ ಭಾವನೂ ಮುಂದಿನ ತಿಂಗಳು ಪಾಠಕ್ಕೆ ಸೇರುತ್ತಾರಂತೆ, ನೋಡೋಣ.

ನಿನ್ನ ಬೆನ್ನು ನೋವು ಬೇಗ ಬಿಡಲಿ, ಮಕ್ಕಳು ನಗುನಗುತ್ತಾ ಇರಲಿ, ನಿನ್ನ ಮನೆ ತುಂಬಿರಲಿ.

ನಿನ್ನ,
ಅಕ್ಕ

ತಾ.ಕ.: ಇದು ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನನಗ್ಯಾಕೆ ಒಂದು ಫೋನ್ ಮಾಡಲಿಲ್ಲ ಎಂದು ಮಗಳನ್ನು ಕೇಳಿದೆ. "ನಿನಗೆ ಹೇಳಿದ್ರೆ ನನಗಿಂತ ಮೊದಲು ನೀನು ಅಳ್ತೀಯ, ಆಮೇಲೆ ನಾನೇ ನಿನ್ನ ಸಮಾಧಾನ ಮಾಡ್ಬೇಕು. ಅತ್ತೆ ಏನೂ ಕೇಳಲ್ಲ, ಸುಮ್ನೆ ತಲೆ ಸವರ್ತಾರೆ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ, ಹವಾಮಾನ ಹೇಳಿದಷ್ಟು ಸಹಜವಾಗಿ ಹೇಳಿದಳು. "ಸರಿ ಕಣೇ" ಎಂದೆ. ಅವಳು ಫೋನ್ ಇಡುವವರೆಗೂ ಅಳಲಿಲ್ಲ.