ಎಡಗೈಗೆ ಬಂದ ಫೋನು

ಸೋಮವಾರ, ಜನವರಿ 6. ಸಂಜೆ

ಸುಭದ್ರಾಬಾಯಿಯೇ ಮೊದಲು ಹೇಳಿದ್ದು. ಇವತ್ತು ಬೆಳಿಗ್ಗೆ, ಹಿಟ್ಟು ಜರಡಿ ಹಿಡಿಯುವಾಗ. ಆಳಂದದ ಈ ರೊಟ್ಟಿ ಶೆಡ್ಡು ಅವರದು. ಊರಿನ ಸುದ್ದಿಗಳೂ ಮೊದಲು ಅವರ ಹತ್ತಿರವೇ ಬರುತ್ತವೆ.

"ರಾಧಿಕಾಗ ಅಫಜಲಪುರದಿಂದ ಅವರಣ್ಣ ಫೋನ್ ತಂದು ಕೊಟ್ಟಾನಂತ. ಸಾಲಿ ಹುಡುಗರ ಪಾಟಿ ಇರತದಲ್ಲ, ಅಷ್ಟು ದೊಡ್ಡದದ ನೋಡು!"

ನಕ್ಕೆ. ಪಾಟಿಯಷ್ಟು ಫೋನು ಯಾರಿಗೆ ಬೇಕು? ನನ್ನದು ಅಂಗೈಯಲ್ಲಿ ಕೂರುತ್ತದೆ. ಸೊಂಟಕ್ಕೆ ಸಿಕ್ಕಿಸಿದರೆ ಇದೆಯೋ ಇಲ್ಲವೋ ತಿಳಿಯದು. ಪರದೆ ಒಡೆದಿದೆ, ಇರಲಿ. ಹೆಬ್ಬೆರಳೊಂದರಲ್ಲೇ ಎಲ್ಲ ಕೆಲಸ ಆಗುತ್ತದೆ.

ರಾಧಿಕಾ ನರೋಣಾದ ಬಸ್ಸಿಳಿದು ಬಂದಳು. ಶೆಡ್ಡಿಗೆ ಸೇರಿ ಇನ್ನೂ ವರ್ಷವಾಗಿಲ್ಲ, ಎಲ್ಲರಿಗಿಂತ ಚಿಕ್ಕವಳು. ಸೆರಗಿನೊಳಗಿಂದ ತೆಗೆದು ತೋರಿಸಿದಳು. ನೀಲಿ ಬಣ್ಣ. ನುಣುಪು. ನಮ್ಮೆಲ್ಲರ ಮುಖ ಅದರಲ್ಲಿ ಕಂಡಿತು.

ಚೆನ್ನಾಗಿದೆ. … ಬಹಳ ಚೆನ್ನಾಗಿದೆ.

ಮಂಗಳವಾರ, 7

ಇವತ್ತು ಮಜಾ. ರಾಧಿಕಾ ಫೋನನ್ನು ಹಿಟ್ಟಿನ ಡಬ್ಬಕ್ಕೆ ಆನಿಸಿ ಸೀರಿಯಲ್ ಹಚ್ಚಿದಳು. ಜಾಹೀರಾತು ಬಂತು. ಎರಡೂ ಕೈ ಹಿಟ್ಟಿನಲ್ಲಿ. ಮೊಣಕೈಯಿಂದ ಒತ್ತಿದಳು, ಕೇಳಲಿಲ್ಲ. ಮೂಗಿನಿಂದ ಒತ್ತಲು ಬಗ್ಗಿದಳು — ಫೋನು ಜಾರಿ ಸೀದಾ ಹಿಟ್ಟು ನಾದುವ ಪರಾತದಲ್ಲಿ!

"ತಂಗೀ, ಇದಕ್ಕ ಮೂರನೇ ಕೈ ಬೇಕಾಗತದ. ಅದನ್ನೂ ನಿಮ್ಮಣ್ಣಗ ತಂದು ಕೊಡು ಅನ್ನು" ಅಂದೆ.

ಎಲ್ಲರೂ ನಕ್ಕರು. ರಾಧಿಕಾನೂ ನಕ್ಕಳು.

ಆಮೇಲೆ ಎಂದಿನಂತೆ ನನ್ನ ಕಥೆ. ಶೆಡ್ಡಿನಲ್ಲಿ ಎಲ್ಲರೂ ರೊಟ್ಟಿ ಬಡಿಯುತ್ತಾರೆ, ನಾನೊಬ್ಬಳೇ ಬೇಯಿಸುವವಳು. ಹಂಚಿನ ಮುಂದಿನ ಕಾವಿಗೆ ಯಾರೂ ಕೂರುವುದಿಲ್ಲ. ನಾನು ಕೇಳಿ ಕೂತಿದ್ದೇನೆ. ನೀರಿನ ಅರಿವೆ ಸವರಿ ರೊಟ್ಟಿ ತಿರುವಿ ಹಾಕಲು ಬಲಗೈ ಸಾಕು, ಎಡಗೈ ಕಥೆಗೆ. ಆ ಕೈಯೇ ರಾಜ, ಆ ಕೈಯೇ ಹಾವು, ಆ ಕೈಯೇ ಕುದುರೆ. ನಮ್ಮ ಹಣಮವ್ವ ಅಜ್ಜಿ ನನಗೆ ಕಥೆ ಕಲಿಸಿದ್ದು ಹಾಗೆ.

ರಾಜನ ಮಗಳು ಬಾವಿ ಇಳಿಯುವಲ್ಲಿಗೆ ನಿಲ್ಲಿಸಿದೆ. ನಾಳೆ ಜೇವರ್ಗಿಗೆ ಹೋಗಬೇಕು, ತಂಗಿಯ ಬಾಣಂತನ.

"ಆಕೀನ್ನ ಬಾವಿಯಾಗ ಬಿಟ್ಟು ಹೋಗ್ತೀಯೇನು ಬೇ! ಲಗೂ ಬಾ" ಅಂದಳು ಸಾಬವ್ವ. ಇಷ್ಟು ವರ್ಷ ನನ್ನ ಮಗ್ಗುಲಲ್ಲೇ ಕೂತವಳು.

ಸೋಮವಾರ, 20

ವಾಪಸ್ಸು ಬಂದೆ. ರಾಜನ ಮಗಳನ್ನು ಯಾರೂ ಕೇಳಲಿಲ್ಲ. ಎಲ್ಲರ ಬಾಯಲ್ಲೂ ಮಂದಾರ, ಮಂದಾರ. ಸೀರಿಯಲ್ಲಿನ ಸೊಸೆ. ಸಾಬವ್ವನ ಮಣೆ ರಾಧಿಕಾನ ಪಕ್ಕದಲ್ಲಿತ್ತು.

"ಇಲ್ಲಿಂದ ಚಂದ ಕಾಣತದ" ಅಂದಳು. ನನ್ನ ಮುಖ ನೋಡದೆ.

ಫೋನನ್ನು ಸರದಿಯಂತೆ ಒಬ್ಬೊಬ್ಬರು ಹಿಡಿಯುತ್ತಾರೆ. ಕೈ ತೊಳೆ, ಹಿಡಿ, ಮತ್ತೆ ಹಿಟ್ಟಿಗೆ ಕೈ ಹಾಕು. ರೊಟ್ಟಿ ಹಿಂದೆ ಬಿದ್ದವು. ಸುಭದ್ರಾಬಾಯಿ ಬಂದು ಬೈದರು.

"ಫೋನ್ ಹಿಡಕೊಂಡು ಕೂತ್ರ ರೊಟ್ಟಿ ಯಾರು ಬಡೀಬೇಕ್ರೇ? ನಾನೇನು?" ಅಂತ ಸುತ್ತಲೂ ನೋಡಿದರು. ಕಣ್ಣು ನನ್ನ ಮೇಲೆ ನಿಂತಿತು. "ಶಿವಗಂಗಾ, ನಿನ್ನ ಎಡಗೈ ಖಾಲೀನೇ ಅದಲ್ಲ!"

ಖಾಲಿ!

ಮಂಗಳವಾರ, 21

ಇಡೀ ದಿನ ಎಡಗೈಯಲ್ಲಿ ಫೋನು ಹಿಡಿದೆ. ಕಿರುಬೆರಳನ್ನು ಅದರ ಕೆಳಗೆ ಕೊಟ್ಟು ಕೊಟ್ಟು ಗೀರು ಬಿದ್ದಿದೆ. ಅಡ್ಡ ಹಿಡಿದರೆ ಮಣಿಕಟ್ಟು ವಾಲುತ್ತದೆ. ಉದ್ದ ಹಿಡಿದರೆ ಹೆಬ್ಬೆರಳು ನಡುವಿನವರೆಗೆ ಮಾತ್ರ. ಜಾಹೀರಾತು ದಾಟಿಸುವ ಗುಂಡಿ ಬಲಗಡೆ, ಆಚೆ ದಡದಲ್ಲಿದ್ದಂತೆ. ಫೋನನ್ನು ಅಂಗೈಯಲ್ಲೇ ಎಗರಿಸಿ ಸರಿಸಬೇಕು. ಒಮ್ಮೆ ಜಾರಿತು.

"ಬೀಳ್ತದ, ಬೀಳ್ತದ!" ಎಲ್ಲರೂ ಕೂಗಿದರು. ಆ ಗಡಿಬಿಡಿಯಲ್ಲಿ ನನ್ನ ಬಲಗೈ ಹಂಚಿಗೆ ತಾಗಿತು. ಅದಕ್ಕೆ ಯಾರೂ ಕೂಗಲಿಲ್ಲ.

ರಾಧಿಕಾ ಒಬ್ಬಳೇ ಎದ್ದು ಬಂದಳು. ಫೋನಿನ ಕಡೆ ನೋಡಲೇ ಇಲ್ಲ. ಸುಟ್ಟ ಬೆರಳನ್ನು ನೀರಲ್ಲಿ ಅದ್ದಿ ಹಿಡಿದು, "ಉರಿ ಭಾಳ ಅದ ಏನಕ್ಕಾ?" ಅಂದಳು.

ಇಷ್ಟು ಒಳ್ಳೆಯವಳಾಗಿರಬಾರದಿತ್ತು ಅವಳು. ಕೆಟ್ಟವಳಾಗಿದ್ದರೆ ನನಗೆ ಎಷ್ಟು ಸಲೀಸಾಗುತ್ತಿತ್ತು.

ಇನ್ನೊಂದು. ಕತ್ತು ಹೊರಳಿಸಿ ನಾನೂ ನೋಡಿದೆ. ಮಂದಾರ ಅಳುವಾಗ ನನಗೂ… ಬಿಡು.

ಗುರುವಾರ, 23. ಸಂಜೆ ಆರು

ಮಾಡಿಬಿಟ್ಟೆ.

ಮಂದಾರ ಬೀಗ ಹಾಕಿದ ಕೋಣೆಯ ಮುಂದೆ ನಿಂತಿದ್ದಳು. ಒಳಗೆ ಯಾರೋ ಕೆಮ್ಮಿದರು. ರೊಟ್ಟಿ ಬಡಿಯುವ ಸದ್ದೇ ನಿಂತಿತು. ನನ್ನ ಕಥೆಗೂ ಒಂದು ಕಾಲಕ್ಕೆ ಹೀಗೇ ನಿಲ್ಲುತ್ತಿತ್ತು… ಸಾಬವ್ವನ ಬಾಯಿ ತೆರೆದೇ ಇತ್ತು. ಅದನ್ನು ನೋಡಿದೆ. ಬದಿಯ ಗುಂಡಿ ಒತ್ತಿದೆ. ಪರದೆ ಕಪ್ಪಾಯಿತು.

"ಯಾಕ ನಿಂತು?"

"ಏನೋ ಒತ್ತಿಬಿಡ್ತು. ಮತ್ತ ಹಚ್ಚಬೇಕಂದ್ರ ಹೆಬ್ಬೆರಳು ಮುಟ್ಟವಲ್ದು. ಎಷ್ಟು ದೊಡ್ಡದದ ಇದು!"

"ಅಯ್ಯ, ಒಳಗ ಯಾರಿದ್ರು ಬೇ?" ಸಾಬವ್ವನ ಎರಡೂ ಕೈ ಹಿಟ್ಟಿನಲ್ಲಿ.

"ಯಾರಿದ್ರು ಅಂದ್ರ…" ಶುರು ಮಾಡಿದೆ. ಒಳಗಿದ್ದವಳು ಮಂದಾರನ ಅತ್ತೆಯ ಸ್ವಂತ ತಂಗಿ ಅಂದೆ. ಚಂದಕ್ಕೆ ಹೊಟ್ಟೆ ಉರಿದು ಅಕ್ಕನೇ ಕೂಡಿಹಾಕಿದ್ದಳು ಅಂದೆ. ಬೀಗದ ಕೈ ಹಾವಿನ ಹುತ್ತದಲ್ಲಿಟ್ಟೆ. ಅತ್ತೆಯನ್ನು ಕುದುರೆ ಹತ್ತಿಸಿದೆ. ಎಡಗೈ ತಾನಾಗಿ ಎದ್ದಿತು. ಫೋನು ಅದರಲ್ಲೇ ಇತ್ತು, ಮರೆತೇಹೋಗಿತ್ತು. ಅದನ್ನೇ ಕತ್ತಿ ಮಾಡಿ ಬೀಸಿದೆ, ಬಾಗಿಲು ಮಾಡಿ ತೆರೆದೆ, ದೀಪ ಮಾಡಿ ಎತ್ತಿ ಹಿಡಿದೆ. ಹಿಟ್ಟು ತೀರುವವರೆಗೂ ಒಬ್ಬರೂ ಜಾಗ ಬಿಟ್ಟು ಏಳಲಿಲ್ಲ.

ಫೋನು ಇಸಿದುಕೊಳ್ಳುವಾಗ ರಾಧಿಕಾ ಮೆಲ್ಲಗೆ ಅಂದಳು, "ಅಕ್ಕಾ, ಹೆಬ್ಬೆರಳು ಮುಟ್ಟತಿತ್ತು. ನಾ ನೋಡೀನಿ."

ಎಲ್ಲರ ಮುಂದೆ ಹೇಳುತ್ತಾಳೆ ಅಂದುಕೊಂಡೆ. ಹೇಳಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಹೋದಳು.

ನಾಳೆ ಹೇಳುತ್ತಾಳೆ. ನನ್ನ ಕಥೆ ಮುಗಿಯಿತು.

ಶುಕ್ರವಾರ, 24. ಮಧ್ಯಾಹ್ನ, ಊಟದ ಹೊತ್ತು

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕೂತಿದ್ದೆ. ಒಬ್ಬೊಬ್ಬರೇ ಬಂದರು. ಯಾರ ಮುಖವೂ ನೋಡಲಾಗಲಿಲ್ಲ. ಕೊನೆಗೆ ರಾಧಿಕಾ. ಸೀದಾ ನನ್ನ ಹತ್ತಿರ.

"ಅಕ್ಕಾ, ಎಡಗೈ ತಾ ಇಲ್ಲಿ."

ಫೋನಿನ ಬೆನ್ನಿಗೆ ಏನೋ ಅಂಟಿಸಿಕೊಂಡು ಬಂದಿದ್ದಳು. ಉಂಗುರ. ಬಸ್‌ಸ್ಟ್ಯಾಂಡಿನ ಮೊಬೈಲ್ ಅಂಗಡಿಯಲ್ಲಿ ಹಾಕಿಕೊಡುತ್ತಾರಂತೆ. ನನ್ನ ನಡುಬೆರಳನ್ನು ಅದರೊಳಗೆ ತೂರಿಸಿದಳು.

"ಕಥಿ ಹೇಳುವಾಗ ಭಾಳ ಕೈ ಬೀಸ್ತಿ ನೀ. ಹಾರಿ ಹಂಚಿನ ಮ್ಯಾಲ ಬಿತ್ತಂದ್ರ ನಮ್ಮಣ್ಣ ನನ್ನ ಸುಟ್ಟು ರೊಟ್ಟಿ ಮಾಡ್ತಾನ."

ಎಲ್ಲರೂ ನಕ್ಕರು. ಹೆಬ್ಬೆರಳಿನ ಮಾತನ್ನು ಅವಳು ಎತ್ತಲೇ ಇಲ್ಲ. ಹೋಗಿ ಹಿಟ್ಟಿಗೆ ಕೈ ಹಾಕಿದಳು.

ಕೈ ತಿರುಗಿಸಿ ನೋಡಿದೆ. ಬೀಳುವುದಿಲ್ಲ. ಹೆಬ್ಬೆರಳು ಬೇಕಾದಲ್ಲಿಗೆಲ್ಲ ಹೋಗುತ್ತದೆ. ಇನ್ನು ನೆವ ಹೇಳುವಂತಿಲ್ಲ.

"ಶುರು ಮಾಡು ಬೇ" ಅಂದಳು ಸಾಬವ್ವ. ಸೀರಿಯಲ್ಲನ್ನೋ ಕಥೆಯನ್ನೋ, ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಆಗಲಿಲ್ಲ. ಹೆಬ್ಬೆರಳು ಪರದೆಯ ಮೇಲೆ ನಿಂತಿತ್ತು.

ಆಗ ಯಾರೋ "ಹೂಂ" ಅಂದರು.

ಫೋನಿಗೆ ಯಾರೂ ಹೂಂ ಅನ್ನುವುದಿಲ್ಲ. ಕಥೆ ಹೇಳುವವರಿಗೆ ಅನ್ನುತ್ತಾರೆ. ತಿರುಗಿದೆ — ರಾಧಿಕಾ. ನನ್ನನ್ನೇ ನೋಡುತ್ತಿದ್ದಳು.

ಅದನ್ನೂ ಅವಳೇ ಮೊದಲು ಅನ್ನಬೇಕಿತ್ತೇ? ಸಾಬವ್ವನಿಗೆ ಏನಾಗಿತ್ತು? ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಯಿತು. ಆದರೂ ಎಡಗೈ ಮೇಲೆದ್ದಿತು, ಫೋನಿನ ಸಮೇತ.

"ಒಂದೂರಾಗ" ಅಂದೆ.

"ಹೂಂ."

"ಅಕ್ಕತಂಗೇರಿದ್ರು. ತಂಗಿ ಭಾಳ ಚಂದ. ಅಕ್ಕಗ—"